ಎರಡು ಬೆರಳು ಎತ್ತರ

"ಇದೇನೇ ಇಲ್ಹಾಮ್, ಹ್ಯಾಂಡಲ್ಲು ಮೂಗಿನ ಹತ್ರ ಬಂದಿದೆ? ಒಂದು ಬುಟ್ಟಿನೂ ಕಟ್ಟಿಬಿಡು, ಬರ್ತಾ ಸೊಪ್ಪು ತರಬಹುದು."

ಜಾನೆಟ್ ಹೇಳಿದ್ದು ತಮಾಷೆಗೆ. ಆದರೆ ಬೆಟ್ಟದೂರು ಬಸ್ಕಿಂತಾದ ಚರ್ಚಿನ ಮುಂದೆ ಸೇರಿದ್ದ ಭಾನುವಾರದ ಸವಾರರೆಲ್ಲ ನಕ್ಕರು. ಐವತ್ತೇಳರ ಇಲ್ಹಾಮಳ ಕಿವಿ ಬಿಸಿಯಾಯಿತು.

ಬ್ರೇಕ್ ನೋಡು ಎಂದು ಅವಳು ಬೆಟ್ಟದ ಸೈಕಲ್ಲನ್ನು ನಸೀಬನ ಸೈಕಲ್ ರಿಪೇರಿ ಅಂಗಡಿಯಲ್ಲಿ ಬಿಟ್ಟಿದ್ದಳು. ಅವನು ಒಂದು ಮಾತೂ ಕೇಳದೆ ಹ್ಯಾಂಡಲ್ಲನ್ನು ಎರಡು ಬೆರಳು ಎತ್ತರಿಸಿ, ಸೀಟನ್ನು ತುಸು ಮುಂದೆ ತಂದಿದ್ದ.

ಗುಂಪಿನ ಹಿಂದೆ ನಿಂತಿದ್ದ ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

ಹಾಗಾದರೆ ಇವನ ಕಣ್ಣಿಗೂ ನಾನು ಮುದುಕಿಯೇ...

ಗಂಡ ತೀರಿದ ಮೇಲೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಈ ಭಾನುವಾರಗಳೇ. ಇಂದು ಅವಳು ಬೆಟ್ಟ ಹತ್ತದೆ ಮನೆಗೆ ತಿರುಗಿದಳು. ಅಂಗಳದಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹ್ಯಾಂಡಲ್ ಇಳಿಸಲು ಸ್ಪ್ಯಾನರ್ ಹುಡುಕಿದಳು, ಸಿಗಲಿಲ್ಲ.

ಗೇಟು ಸದ್ದಾಯಿತು. ನಸೀಬ್!

ಕೋಪ ಎಷ್ಟಿದ್ದರೂ ಬಂದವನಿಗೆ ಕಾಫಿ ಇಡದಿರಲು ಆಗಲಿಲ್ಲ. ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

"ಕುಡಿ. ಆಮೇಲೆ ಅದು ಮೊದಲು ಹೇಗಿತ್ತೋ ಹಾಗೆ ಮಾಡಿಕೊಟ್ಟು ಹೋಗು."

ಅವನು ಬಟ್ಟಲು ಮುಟ್ಟಲಿಲ್ಲ.

"ಹ್ಯಾಂಡಲ್ ತಗ್ಗಿದ್ರೆ ಭಾರವೆಲ್ಲ ಕೈ ಮೇಲೆ ಬಿದ್ದು, ಇಳಿಜಾರಲ್ಲಿ ನಿನ್ನ ಬೆರಳು ಜೋಮು ಹಿಡಿಯುತ್ತೆ. ಕೆಳಗೆ ಬಂದ್ಮೇಲೆ ಬಾಟ್ಲಿ ಮುಚ್ಚಳ ತೆಗೆಯೋಕಾಗದೆ, ಬಾಯಾರಿಕೆ ಇಲ್ಲ ಅಂತೀಯ."

ಇಲ್ಹಾಮ್ ಬೆಚ್ಚಿದಳು. ಯಾರೂ ನೋಡಿಲ್ಲ ಅಂದುಕೊಂಡಿದ್ದೆನಲ್ಲ...

"ಹೇಳಬಹುದಿತ್ತು."

"ಹೇಳಿದ್ರೆ ನೀನು ಸೈಕಲ್ಲೇ ಮಾರಿಬಿಡ್ತಿದ್ದೆ. ನಿನ್ನ ಹಠ ನಂಗೊತ್ತಿಲ್ವಾ? ಆಮೇಲೆ ನನ್ನ ಭಾನುವಾರದ ಗತಿ ಏನು?"

ಗೋಡೆಗೊರಗಿದ್ದ ಅವನ ಸೈಕಲ್ಲಿನತ್ತ ಅವಳ ಕಣ್ಣು ಹೋಯಿತು. ಅದರ ಹ್ಯಾಂಡಲ್ ಅವಳದಕ್ಕಿಂತಲೂ ಎತ್ತರ.

"ನಿಂದು ಯಾವಾಗ ಎತ್ತರಿಸ್ಕೊಂಡೆ?"

"ಹಿಮ ಕರಗಿದಾಗಲೇ. ಮೊದಲು ನನ್ನ ನೋಡಿ ನಗಲಿ, ನಕ್ಕು ಸಾಕಾದ್ಮೇಲೆ ನಿಂದು ಮಾಡೋಣ ಅಂದ್ಕೊಂಡೆ. ಜಾನೆಟ್‌ಗೆ ನಗು ಸಾಕಾಗೋದೇ ಇಲ್ಲ ಅನ್ನೋದು ಮರೆತಿದ್ದೆ."

ವಸಂತದಿಂದ ಎಲ್ಲರೂ ಅವನನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಅವಳೂ ಕರೆದಿದ್ದಳು, ಹ್ಯಾಂಡಲ್ ಗಮನಿಸದೆಯೇ.

"ಕಾಫಿ ಆರ್ತಿದೆ," ಎಂದಳು.

"ಆರಲಿ."

ಆಗ ಅವಳಿಗೆ ಊರಿನ ರೂಢಿ ಹೊಳೆಯಿತು. ಹೆಣ್ಣು ಕೇಳಲು ಬಂದವರು ಒಪ್ಪಿಗೆ ಸಿಗುವವರೆಗೆ ಆ ಮನೆಯ ಕಾಫಿ ಮುಟ್ಟುವುದಿಲ್ಲ.

"ನಸೀಬ್... ಈ ವಯಸ್ಸಲ್ಲಾ?"

"ಈ ವಯಸ್ಸಿಗೆ ಹೊಂದೋ ಹಾಗೆ ಮಾಡ್ಕೊಂಡ್ರಾಯ್ತು."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

"ಇನ್ನೊಂದ್ಸಲ ನನ್ನ ಕೇಳದೆ ಏನಾದ್ರೂ ಮಾಡಿದ್ರೆ ನೋಡು."

"ಅದಕ್ಕೇ ಈ ಸಲ ಕೇಳೋಕೆ ಬಂದಿದೀನಿ."

"ಹಾಗಾದ್ರೆ... ಕುಡಿ."

ಆರಿದ ಕಾಫಿಯನ್ನು ನಸೀಬ್ ತಳದ ಗಸಿಯ ಸಮೇತ ಒಂದೇ ಗುಟುಕಿಗೆ ಕುಡಿದು ಕೆಮ್ಮತೊಡಗಿದ. ಇಲ್ಹಾಮ್ ಎದ್ದು ಬಂದು ಅವನ ಬೆನ್ನು ತಟ್ಟಿದಳು.