ಕೆಂಪು ಮುಳ್ಳು ಹಿಂದೆ ಬಿದ್ದ ಮಧ್ಯಾಹ್ನ

ಮಹಾಲಿಂಗಪ್ಪನ ಮನೆಯ ಗಡಿಯಾರಕ್ಕೆ ಎರಡು ಸೆಕೆಂಡು ಮುಳ್ಳುಗಳಿದ್ದವು. ಕಪ್ಪು ಮುಳ್ಳು ಒಳಗಿನ ಹರಳಿನ ಮಿಡಿತಕ್ಕೆ ನಡೆಯುತ್ತಿತ್ತು. ಕೆಂಪು ಮುಳ್ಳು ನಡೆಯುತ್ತಿದ್ದುದು ಮನೆಗೆ ಬರುವ ವಿದ್ಯುತ್ತನ್ನು ಎಣಿಸಿಕೊಂಡು. ವಿದ್ಯುತ್ತು ಐವತ್ತು ಸಲ ಹಿಂದೆ ಮುಂದೆ ಹರಿದರೆ ಅದಕ್ಕೆ ಒಂದು ಸೆಕೆಂಡು. 2061ರ ಹೊತ್ತಿಗೆ ಗುಳೇದಗುಡ್ಡದ ಮನೆಮನೆಯಲ್ಲೂ ಅಂಥ ಗಡಿಯಾರವಿತ್ತು.

"ಕೆಂಪು ಮುಳ್ಳು ಸುಳ್ಳು ಹೇಳತೈತ್ರಿ" ಎಂದು ಅವನು ದೂರು ಕೊಟ್ಟಿದ್ದ. ಆ ಮೇ ತಿಂಗಳ ಮಧ್ಯಾಹ್ನ ಗಡಿಯಾರವನ್ನು ರೂಪಿಸಿದ ವಿಜ್ಞಾನಿ ಅನಸೂಯಾ ಪತ್ತಾರ ತಾನೇ ಬಂದಳು. ಐದು ನಿಮಿಷ ನೋಡುತ್ತ ನಿಂತಳು. ಅಷ್ಟರಲ್ಲೇ ಕೆಂಪು ಮುಳ್ಳು ಆರು ಸೆಕೆಂಡು ಹಿಂದೆ ಬಿತ್ತು.

"ಸುಳ್ಳಲ್ರಿ. ಮೊನ್ನೆ ಗಾಳಿಗೆ ದೊಡ್ಡ ಲೈನಿನ ಕಂಬ ಬಿದ್ದಾಗಿಂದ ಊರು ತನ್ನ ಬ್ಯಾಟರಿ ಮ್ಯಾಲೇ ನಡದೈತಿ. ಎಲ್ಲಾರೂ ಒಮ್ಮೆಲೇ ಎಳದ್ರ ಕರೆಂಟಿನ ಮಿಡಿತ ನಿಧಾನ ಆಗತೈತಿ. ಇನ್ನೂ ಇಳದ್ರ ಇಡೀ ಊರಾಗ ಕರೆಂಟ್ ಬಂದ್."

ಮಹಾಲಿಂಗಪ್ಪ ಓಡುತ್ತಿದ್ದ ತನ್ನ ವಿದ್ಯುತ್ ಮಗ್ಗದತ್ತ ನೋಡಿದ. ಮರುದಿನ ಬಸುರಿ ಮಗಳ ಕುಬಸ. ಅವಳ ಹಸಿರು ಸೀರೆ ನೇಯುವುದು ಇನ್ನೊಂದು ಮೊಳ ಉಳಿದಿತ್ತು. ಅವನ ಕೈ ಸ್ವಿಚ್ಚಿನತ್ತ ಹೋದದ್ದನ್ನು ಹೆಂಡತಿ ಗಂಗವ್ವ ಕಂಡಳು.

"ನಾಳಿ ಮಗಳು ಏನ್ ಉಡಬೇಕು?"

"ನಮ್ಮ ಮಗಳು ಹಳೇ ಸೀರ್ಯಾಗೂ ಚಂದ ಕಾಣತಾಳ. ಹೆರಿಗಿ ದವಾಖಾನ್ಯಾಗ ಈಗ ಯಾರದೋ ಮಗಳು ಮಲಗಿರ್ತಾಳ" ಎಂದು ಅವನು ಸ್ವಿಚ್ ಆರಿಸಿದ.

ಕೆಂಪು ಮುಳ್ಳು ಮಾತ್ರ ಇನ್ನೂ ಏದುತ್ತಲೇ ಇತ್ತು. ಒಂದು ಮನೆಯಿಂದ ಏನಾದೀತು ಎಂದು ಅನಸೂಯಾಗೂ ಅನ್ನಿಸಿತು. ಈ ಗಡಿಯಾರ ಒಂದು ಆಟಿಕೆ ಎಂದು ಪುರಸಭೆಯವರು ಅವಳನ್ನು ಮೂರು ವರ್ಷ ಅಲೆದಾಡಿಸಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು. ಆಮೇಲೆ ಎದುರು ಮನೆಯದು. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ; ಪಕ್ಕದ ಮಗ್ಗ ನಿಂತದ್ದು ಕೇಳಿ ಒಬ್ಬೊಬ್ಬರೂ ತಮ್ಮ ಮನೆಯ ಕೆಂಪು ಮುಳ್ಳಿನತ್ತ ನೋಡಿದ್ದರು. ಓಣಿಯ ಆ ತುದಿಯವರೆಗೂ ಮಗ್ಗಗಳು ಸುಮ್ಮನಾದಾಗ ಅನಸೂಯಾ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದಳು. ಕೆಂಪು ಮುಳ್ಳು ಕಪ್ಪಿನ ಜೊತೆ ಸಮನಾಗಿ ಹೆಜ್ಜೆ ಹಾಕತೊಡಗಿತ್ತು. ಕರೆಂಟು ಹೋಗಲಿಲ್ಲ. ಬಿಸಿಲು ಇಳಿದ ಮೇಲೆ ಮಹಾಲಿಂಗಪ್ಪ ಆ ಒಂದು ಮೊಳವನ್ನೂ ನೇಯ್ದು ಮುಗಿಸಿದ.

ಹೊರಟು ನಿಂತ ಅನಸೂಯಾಗೆ ಗಂಗವ್ವ ಕುಂಕುಮ ಹಚ್ಚುತ್ತ ಕೇಳಿದಳು: "ನಮ್ಮವ್ವನ ಕಾಲದಾಗ ಕರೆಂಟ್ ಹಿಂಗ ದಣೀತಿರಲಿಲ್ಲೇನ್ರಿ?"

"ಆವಾಗೂ ದಣೀತಿತ್ರಿ. ಯಾರ ಮನ್ಯಾಗ ಒಂದು ಮಿಕ್ಸರ್ ಹಚ್ಚಿದ್ರೂ ಎಲ್ಲಾರ ಕರೆಂಟೂ ಕೂದಲೆಳಿಯಷ್ಟು ನಿಧಾನ ಆಗತಿತ್ತು" ಎಂದಳು ಅನಸೂಯಾ. "ಗೊತ್ತಾಗತಿರಲಿಲ್ಲ ಅಷ್ಟೇ."