ಓಲೆಯಿಂದ ಉದುರಿದ ಹರಳು

"ಲಾರಿ ನಿಲ್ಲಿಸಿ! ಒಂದು ಪೆಟ್ಟಿಗೇನೂ ಹೊರಗೆ ಹೋಗೋ ಹಾಗಿಲ್ಲ!"

ತಪಾಸಣೆ ಅಧಿಕಾರಿಯ ದನಿಗೆ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡು ಗಪ್‌ಚುಪ್ಪಾಯಿತು. ಅವನ ಕಣ್ಣು ನೆಟ್ಟಿದ್ದು ಹಣ್ಣಿನ ಮೇಲಲ್ಲ, ಶೆಡ್ಡಿನ ಯಜಮಾನರ ಮಗಳ ಕಿವಿಯ ಮೇಲೆ.

"ನಿಮ್ಮ ಓಲೇಲಿ ಒಂದು ಹರಳಿಲ್ಲ."

ಅವಳ ಕೈ ಕಿವಿಗೆ ಹೋಯಿತು. ಒಳಗೆ ಒಡವೆ ಹಾಕಬಾರದೆಂದು ಬೋರ್ಡು ಬರೆಸಿದವಳೇ ಅವಳು! ಇವತ್ತು ಈ ಅಧಿಕಾರಿ ಬರುತ್ತಾನೆಂದು ಆಸೆಪಟ್ಟು ಹಾಕಿಕೊಂಡಿದ್ದಳು. ಬಾಗಿಲಲ್ಲಿ ತೆಗೆದರಾಯಿತು ಅಂದುಕೊಂಡು... ಅವಸರದಲ್ಲಿ ಮರೆತೇಬಿಟ್ಟಿದ್ದಳು.

"ಎಲ್ಲಾ ಪೆಟ್ಟಿಗೆ ಬಿಚ್ಚಿ ಹುಡುಕಿ. ಹರಳು ಸಿಗದಿದ್ರೆ ರಫ್ತಿನ ಸರ್ಟಿಫಿಕೇಟೂ ಸಿಗಲ್ಲ."

"ನಾಳೆ ಹಡಗು ತಪ್ಪಿದ್ರೆ ನಮ್ಮ ಗಿರಾಕಿ ಕೈಬಿಡ್ತಾರೆ ಕಣ್ರೀ! ಅಪ್ಪನ ಶೆಡ್ಡು ಮುಚ್ಚಿಹೋಗುತ್ತೆ!"

"ಯಾವುದೋ ಮಗು ಅದನ್ನ ನುಂಗಿದ್ರೆ?"

ತಪ್ಪು ತನ್ನದೇ ಎಂದು ಗೊತ್ತಿದ್ದರಿಂದಲೇ ಅವಳಿಗೆ ಸಿಟ್ಟು ನೆತ್ತಿಗೇರಿತು.

ಪೆಟ್ಟಿಗೆ ಬಿಚ್ಚುತ್ತಾ ಸೋದರತ್ತೆ ಗೊಣಗಿದಳು. "ಪ್ರತಿ ಸಲ ಇವನದ್ದು ಇದೇ ರಗಳೆ. ತಕ್ಕಡಿ ಸರಿಯಿಲ್ಲ, ನೀರು ಸರಿಯಿಲ್ಲ... ನಿನ್ನ ಮೇಲೇನೋ ಹಗೆ ಕಣೇ ಅವನಿಗೆ!"

ಹಗೆಯೇ ಇರಬೇಕು. ಮೊದಲೆಲ್ಲ ಚಹಾ ಕುಡಿಯುತ್ತಾ ಹರಟುತ್ತಿದ್ದವನು ಈಚೆಗೆ ಅವಳ ಮುಖವನ್ನೂ ನೋಡುತ್ತಿರಲಿಲ್ಲ. 'ಇಂಥವನಿಗಾಗಿ ಸಿಂಗಾರ ಮಾಡಿಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!'

ಪೆಟ್ಟಿಗೆಗಳು ಬರಿದಾಗುತ್ತಾ ಬಂದವು. ಹರಳಿನ ಸುಳಿವಿಲ್ಲ. ಸಾಕಾಗಿ ಅವಳು ಕೂದಲು ಉದುರದಂತೆ ಹಾಕಿಕೊಂಡಿದ್ದ ಟೋಪಿ ಕಿತ್ತೆಳೆದಳು.

ಟಣ್!

ಟೋಪಿಯೊಳಗಿನಿಂದ ಹರಳು ಸ್ಟೀಲ್ ಮೇಜಿನ ಮೇಲೆ ಬಿತ್ತು.

"ಸಿಕ್ತು! ಈಗಲಾದ್ರೂ ಸಹಿ ಹಾಕ್ರೀ!"

"ಹಣ್ಣು ಚೆನ್ನಾಗಿದೆ. ಆದ್ರೆ ನಾನು ಸಹಿ ಹಾಕಲ್ಲ."

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ನಿಮಗೆ ನಾನೇನ್ರೀ ಅನ್ಯಾಯ ಮಾಡಿದೀನಿ? ಈ ಓಲೆ ಹಾಕ್ಕೊಂಡಿದ್ದೇ ನಿಮಗೋಸ್ಕರ..."

ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಕೈ ಪೆಟ್ಟಿಗೆಯಲ್ಲೇ ನಿಂತಿತು.

ಅವನು ತಡವರಿಸಿದ. "ಬೇಕಾದವರ ಸರಕಿಗೆ ನಾವು ಸಹಿ ಹಾಕೋ ಹಾಗಿಲ್ಲ. ನೀವು ನನಗೆ ಬೇಕಾದವರು ಅಂತ ಬೆಳಿಗ್ಗೆನೇ ಆಫೀಸಲ್ಲಿ ಹೇಳಿಬಿಟ್ಟೆ, ಬೇರೆ ಅಧಿಕಾರಿ ಬರ್ತಿದ್ದಾರೆ. ಅದನ್ನ ನಿಮಗೆ ಹೇಳೋಕೇ ಬಂದಿದ್ದು... ಓಲೆ ನೋಡಿದ್ಮೇಲೆ ಸುಮ್ಮನಿರೋಕಾಗಲಿಲ್ಲ."

"ಮತ್ತೆ ಇಷ್ಟು ದಿನ ಮುಖ ತಿರುಗಿಸ್ಕೊಂಡು ಓಡಾಡಿದ್ದು?"

"ನಿಮ್ಮ ಮುಖ ನೋಡಿದ್ರೆ ಶೆಡ್ಡಲ್ಲಿ ಒಂದು ತಪ್ಪೂ ಕಾಣಿಸ್ತಿರಲಿಲ್ಲ. ಅದಕ್ಕೇ ನೋಡೋದೇ ಬಿಟ್ಟೆ." ಅವನ ಕಿವಿ ಕೆಂಪಾಗಿತ್ತು. "ನನ್ನನ್ನ ಮದುವೆ ಆಗ್ತೀರಾ?"

"ಮೊದಲು ಪೆಟ್ಟಿಗೆ ತುಂಬ್ರೋ!" ಅತ್ತೆ ಗದರಿದಳು.

ಎಲ್ಲರೂ ಸೇರಿ ತುಂಬಿದರು. ಹೊಸ ಅಧಿಕಾರಿ ಬಂದು, ಬಿಚ್ಚಿ ನೋಡಿ, ಸಹಿ ಹಾಕಿದರು. ಲಾರಿ ಹೊರಟಿತು.

ಅವಳು ಹೊರಗೆ ಬಂದು ಓಲೆ ಬಿಚ್ಚಿ, ಹರಳಿನ ಜೊತೆ ಅವನ ಅಂಗೈಯಲ್ಲಿಟ್ಟಳು.

"ಇದನ್ನ ಕೂರಿಸ್ಕೊಂಡು ಬನ್ನಿ."

"ಶೆಡ್ಡಿಗೇ ತರಲಾ?"

"ಇಲ್ಲಿ ಒಡವೆ ಹಾಕೋ ಹಾಗಿಲ್ಲ ಅಂತ ಗೊತ್ತಿಲ್ವಾ?" ಅವಳು ನಕ್ಕಳು. "ಮನೆಗೆ ಬನ್ನಿ... ಅಪ್ಪ ಇರ್ತಾರೆ."