ಧಕ್ಕೆಯಲ್ಲಿ ಉಳಿದ ಬೂಟು

2025ರ ಆಗಸ್ಟ್ 4, ಸೋಮವಾರ. ಬೆಳಿಗ್ಗೆ 7.20ಕ್ಕೆ ಹೊನ್ನಾವರ ಠಾಣೆಗೆ ಬಂದ ನಾಗರಾಜ ಕುರ್ಚಿ ತೋರಿಸಿದರೂ ಕೂರಲಿಲ್ಲ. ಭಟ್ಕಳದ ಹಳೆಯ ಮೀನು ವ್ಯಾಪಾರಿ ಮನೆತನದ ಯಜಮಾನರು ಅವರು. ಮನೆತನದ ಸಂಪತ್ತನ್ನು ಹೊಸ ಉದ್ಯಮಗಳಲ್ಲಿ ಹೂಡಲೆಂದೇ ಒಂದು ಫ್ಯಾಮಿಲಿ ಆಫೀಸ್ ಇಟ್ಟವರು. ಹಿಡಿದ ಮೀನನ್ನು ಮಂಜುಗಡ್ಡೆಯಿಲ್ಲದೆ ತಂಪಾಗಿಡುವ ಅವರ ಹೊಸ ದೋಣಿ ಹೊನ್ನಾವರದ ಧಕ್ಕೆಯಲ್ಲೇ, ದೋಣಿಗಳನ್ನು ಕಟ್ಟಿ ನಿಲ್ಲಿಸುವ ಕಟ್ಟೆಯಲ್ಲೇ, ಮುಳುಗಿತ್ತು. ಅದನ್ನು ನೋಡಲು ಹತ್ತು ಗಂಟೆಗೆ ಹೊರಗಿನ ಹೂಡಿಕೆದಾರರು ಬರುವವರಿದ್ದರು.

“ಕಾವಲಿನ ಕುಪ್ಪನದ್ದೇ ಕೆಲಸ. ಒಳಗೆ ಹಾಕಿ.”

ಪಿಎಸ್‌ಐ ಸುಷ್ಮಾಗೆ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ದೊಡ್ಡವರಿಗೆ ನಷ್ಟವಾದಾಗ ಮೊದಲು ಕೈಗೆ ಸಿಗುವುದು ಕಾವಲುಗಾರನ ಕುತ್ತಿಗೆ. ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದಳು.

8.10ಕ್ಕೆ ಪಂಚನಾಮೆ ಶುರುವಾಯಿತು. ದಡಕ್ಕೆ ಎಳೆದು ಹಾಕಿದ್ದ ದೋಣಿಯ ತಳದಲ್ಲಿ ಒಳಗಿನಿಂದ ಕೊರೆದ ನಾಲ್ಕು ತೂತು ಸಿಕ್ಕವು. ಕುಪ್ಪ ಕೈಮುಗಿದ.

“ಐದೂವರೆಗೆ ಚಾ ಕುಡೂಕೆ ಹೋಗಿದ್ದೆ ಮೇಡಂ. ಬರೂದ್ರೊಳಗೆ ದೋಣಿ ವಾಲಿತ್ತು. ಯಾರೋ ನೀರಿಗೆ ಹಾರಿ ಈಜಿಕಂಡು ಹೋದ.”

ಬಲೆರಾಶಿಯ ಹಿಂದೆ ಕಾನ್‌ಸ್ಟೆಬಲ್ ದುರ್ಗನಿಗೆ ಒಂದು ಜೊತೆ ಬೂಟು ಕಂಡಿತು. ಪಾಲಿಶ್ ಮಾಡಿದ ಕಪ್ಪು ಬೂಟು, ಒಳಗೆ ಮಡಿಸಿಟ್ಟ ಕಾಲುಚೀಲ.

“ಆಫೀಸಿನವ,” ಎಂದಳು ಸುಷ್ಮಾ.

“ಆದ್ರೂ ನಮ್ಮವನೇ ಮೇಡಂ.” ದುರ್ಗ ಮೀನುಗಾರರ ಮನೆಯವನು. “ಮೆಟ್ಟು ಹಾಕ್ಕಂಡು ನಾವು ದೋಣಿ ಹತ್ತೂದಿಲ್ಲ. ಅದು ನಮ್ಗೆ ದೇವರು.”

ಅಷ್ಟರಲ್ಲಿ ನಾಗರಾಜರ ಅಳಿಯ, ದೋಣಿ ಕಂಪನಿಯ ಒಡೆಯ ಪ್ರವೀಣ, ಬೂಟುಗಾಲಲ್ಲೇ ಪಕ್ಕದ ದೋಣಿಗೆ ಹಾರಿದ. ದುರ್ಗ ಮುಖ ಕಿವುಚಿದ.

“ನಿಮ್ಮ ಆಫೀಸಲ್ಲಿ ಮೀನುಗಾರರ ಮನೆಯವರು ಯಾರಿದ್ದಾರೆ?” ಸುಷ್ಮಾ ನಾಗರಾಜರನ್ನು ಕೇಳಿದಳು.

“ಭಾಸ್ಕರ ಒಬ್ಬ. ಕುಮಟೆಯವ. ಹತ್ತೊಂಬತ್ತು ವರ್ಷದಿಂದ ನಮ್ಮ ಹೂಡಿಕೆ ಎಲ್ಲಾ ನೋಡೂದು ಅವನೇ. ಅವನಿಗೆ ನಾವು ಎಂತ ಕಡಿಮೆ ಮಾಡಿದ್ದೇವೆ?”

ಕುಪ್ಪನನ್ನು ಠಾಣೆಯಲ್ಲಿ ಕೂರಿಸಿ, 11.40ಕ್ಕೆ ಸುಷ್ಮಾ ಮತ್ತು ದುರ್ಗ ಭಟ್ಕಳದ ಆಫೀಸು ತಲುಪಿದರು. ಭಾಸ್ಕರನ ಇಸ್ತ್ರಿ ಪ್ಯಾಂಟಿನ ಕೆಳಗೆ ಹವಾಯಿ ಚಪ್ಪಲಿಯಿತ್ತು. ಸುಷ್ಮಾ ಬೂಟಿನ ಚೀಲವನ್ನು ಮೇಜಿನ ಮೇಲಿಟ್ಟಳು.

“ಯಾರದ್ದು?”

“ಗೊತ್ತಿಲ್ಲ.”

“ಆತು. ಹಾಗಾದ್ರೆ ಕುಪ್ಪ ಜೈಲಿಗೆ ಹೋಗ್ತಾನೆ.”

ಭಾಸ್ಕರ ತಲೆಯೆತ್ತಿದ. “ಅವನನ್ನ ಬಿಡಿ. ಮುಳುಗಿಸಿದ್ದು ನಾನು.”

“ಯಾಕೆ?”

“ಆ ದೋಣಿ ನನ್ನ ಯೋಚನೆ. ಮೂರು ವರ್ಷ ನಕ್ಷೆ ಹಿಡ್ಕಂಡು ತಿರುಗಿದೆ. ಕಂಪನಿ ನಾನೇ ಕಟ್ತೇನೆ ಅಂದೆ. ‘ನೀನು ಬೇರೆಯವರ ಉದ್ಯಮ ತೂಗಿ ನೋಡುವವ’ ಅಂತ ಯಜಮಾನ್ರು ನಕ್ಕು, ಅದನ್ನ ಅಳಿಯನಿಗೆ ಕೊಟ್ರು. ನಿನ್ನೆ ಎಂತ ಹೇಳಿದ್ರು ಗೊತ್ತುಂಟಾ? ಬರುವವರಿಗೆ ಊಟಕ್ಕೆ ಹೇಳಿಡು ಅಂದ್ರು. ಇವತ್ತು ಅಳಿಯ ಫೋನಲ್ಲಿ ಅತ್ತ. ಹೊಟ್ಟೆ ತಣ್ಣಗಾತು ಮೇಡಂ.”

12.15ಕ್ಕೆ ಬಂಧನ ದಾಖಲಾಯಿತು. ತಪ್ಪು ತಪ್ಪೇ. ಆದರೂ ಆ ಊಟದ ಮಾತು ಸುಷ್ಮಾಳ ತಲೆಯಲ್ಲೇ ಉಳಿದಿತ್ತು. ಬೂಟಿನ ಒಗಟೂ ಬಿಡಿಸಿರಲಿಲ್ಲ; ಜೀಪಿನಲ್ಲಿ ಕೇಳಿಯೇಬಿಟ್ಟಳು.

“ಮುಳುಗಿಸಲಿಕ್ಕೇ ಬಂದವರು ಬೂಟು ಯಾಕೆ ಬಿಚ್ಚಿದ್ರಿ?”

ಭಾಸ್ಕರ ತನ್ನ ಪಾದಗಳನ್ನು ನೋಡಿಕೊಂಡ.

“ಸಿಟ್ಟು ಅವರ ಮೇಲೆ. ದೋಣಿ ಎಂತ ಮಾಡಿತ್ತು?”

ಆಮೇಲೆ ಅವನು ಮುಖ ಮುಚ್ಚಿಕೊಂಡು ಅತ್ತ. ಸುಷ್ಮಾ ಠಾಣೆಗೆ ಫೋನ್ ಮಾಡಿ, ಕುಪ್ಪನಿಗೆ ಊಟ ಹಾಕಿಸಿ ಮನೆಗೆ ಕಳಿಸಲು ಹೇಳಿದಳು.